‘ಬಾತ್‌ರೂಮಿಗೆ ಹೋಗಿದಾಳೆ ಮೇಡಂ’: ಹದಿನೈದರಲ್ಲಿ ಆಡಿದ ಮಾತನ್ನು ಕಾದಂಬರಿ ಮಾಡುವಾಗ

ಪ್ರಶ್ನೆ: ನನಗೆ 34 ವರ್ಷ. ಸಕಲೇಶಪುರ ತಾಲ್ಲೂಕಿನವಳು. ಹತ್ತನೇ ತರಗತಿ ಓದಿದ್ದು ಹಾಸನದಲ್ಲಿ, ಹಾಸ್ಟೆಲ್‌ನಲ್ಲಿದ್ದುಕೊಂಡು. ಆ ವರ್ಷ ಜುಲೈಯಲ್ಲಿ ನನ್ನ ರೂಮಿನ ಗೆಳತಿ, ‘ಅಜ್ಜಿಗೆ ಹುಷಾರಿಲ್ಲ, ನೋಡ್ಕೊಂಡು ಬೆಳಗ್ಗೆ ಮೊದಲ ಬಸ್ಸಿಗೆ ಬಂದ್ಬಿಡ್ತೀನಿ, ಯಾರಿಗೂ ಹೇಳ್ಬೇಡ ಕಣೇ’ ಎಂದು ಸಂಜೆ 4.30ರ ಬಸ್ಸಿಗೆ ಊರಿಗೆ ಹೊರಟಳು. ರಾತ್ರಿ 8.30ಕ್ಕೆ ಹಾಜರಿ. ಅವಳ ಹೆಸರು ಕೂಗಿದಾಗ ನಾನು ‘ಬಾತ್‌ರೂಮಿಗೆ ಹೋಗಿದಾಳೆ ಮೇಡಂ’ ಅಂದೆ. ಬೆಳಗ್ಗೆ ಮತ್ತೆ ಕೇಳಿದಾಗಲೂ ಬಾಯಿ ಬಿಡಲಿಲ್ಲ. ಮಧ್ಯಾಹ್ನ ಹೇಳಿದೆ. ಅವಳು ಹಿಂದಿನ ಸಂಜೆ 7ರ ಸುಮಾರಿಗೇ ಮನೆ ಹತ್ತಿರದ ಹಳ್ಳ ದಾಟುವಾಗ ಸಂಕದಿಂದ (ಕಾಲುಸೇತುವೆಯಿಂದ) ಜಾರಿ ಕೊಚ್ಚಿಹೋಗಿದ್ದಳಂತೆ. ಮೂರನೇ ದಿನ ಸಿಕ್ಕಳು. ನನ್ನನ್ನು ಯಾರೂ ಬೈಯಲಿಲ್ಲ. ಆದರೆ ಊಟಕ್ಕೆ ಸಾಲಿನಲ್ಲಿ ಕೂತಾಗ ನನ್ನ ಎರಡೂ ಪಕ್ಕ ಒಂದೊಂದು ತಟ್ಟೆಯಷ್ಟು ಜಾಗ ಬಿಡುತ್ತಿದ್ದರು, ಪರೀಕ್ಷೆ ಮುಗಿಯುವವರೆಗೂ. ಈಗ ಇದನ್ನು ಕಾದಂಬರಿಯಾಗಿ ಬರೆಯುತ್ತಿದ್ದೇನೆ. 38 ಪುಟವಾಗಿದೆ, ಮುಂದೆ ಹೋಗುತ್ತಿಲ್ಲ. ಬರೆದರೆ ಮನಸ್ಸು ಹಗುರಾಗುತ್ತದೆ ಅನ್ನುತ್ತಾರೆ, ನನಗೆ ಆ ಅಧ್ಯಾಯಕ್ಕೆ ಕೂತರೆ ಎರಡು ಮೂರು ರಾತ್ರಿ ನಿದ್ದೆ ಇಲ್ಲ. ಇದ್ದದ್ದು ಇದ್ದ ಹಾಗೇ ಬರೆಯಬೇಕೇ? ಅವಳ ಅಪ್ಪ ಅಮ್ಮ ಪಕ್ಕದ ಊರಲ್ಲೇ ಇದ್ದಾರೆ, ಅಮ್ಮ ಸಂತೆಯಲ್ಲಿ ಸಿಗುತ್ತಾರೆ. ವಾರ್ಡನ್ ಕೂಡ ಇದ್ದಾರೆ. ಕೇಸು ಗೀಸು ಆಗುತ್ತದೆಯೇ? 33ರಿಂದ 38ನೇ ಪುಟದವರೆಗೆ ಜೊತೆಗಿಟ್ಟಿದ್ದೇನೆ.

ಉತ್ತರ: ನಿಮ್ಮ ಪತ್ರವನ್ನೂ ಆರು ಪುಟವನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಿದೆ. ನೀವು ಕೇಳಿದ ಪ್ರಶ್ನೆಗಳಿಗೆಲ್ಲ ಬರುತ್ತೇನೆ. ಅದಕ್ಕೆ ಮೊದಲು, ನೀವು ಕೇಳದೇ ಇರುವ ಒಂದು ಸಂಗತಿ ಹೇಳಬೇಕು. ಪತ್ರದಲ್ಲಿ ಹಾಜರಿ ರಾತ್ರಿ 8.30ಕ್ಕೆ. ಹಸ್ತಪ್ರತಿಯ 36ನೇ ಪುಟದಲ್ಲಿ ಅದೇ ಹಾಜರಿ ಸಂಜೆ 6ಕ್ಕೆ ನಡೆಯುತ್ತದೆ. ಗಮನಿಸಿದ್ದೀರಾ?

6 ಗಂಟೆ ಅಂದರೆ ಗೆಳತಿ ಇನ್ನೂ ಬಸ್ಸಿನಲ್ಲಿದ್ದಾಳೆ. ಆಗ ಸುಳ್ಳು ಹೇಳದಿದ್ದರೆ ವಾರ್ಡನ್ ಊರಿಗೆ ಫೋನ್ ಮಾಡುತ್ತಿದ್ದರು, ಯಾರಾದರೂ ಬಸ್‌ಸ್ಟಾಪಿಗೆ ಬರುತ್ತಿದ್ದರು, ಹುಡುಗಿ ಉಳಿಯುತ್ತಿದ್ದಳು. ನಿಜವಾಗಿ ನಡೆದ 8.30ರ ಹೊತ್ತಿಗೆ ಹಳ್ಳದ ಹತ್ತಿರ ಆಗಬಾರದ್ದು ಆಗಿ ಒಂದೂವರೆ ಗಂಟೆ ಕಳೆದಿತ್ತು. ‘ಇದ್ದದ್ದು ಇದ್ದ ಹಾಗೇ ಬರೆಯಬೇಕೇ’ ಎಂದು ಕೇಳುವ ನೀವೇ ಗಡಿಯಾರವನ್ನು ಎರಡೂವರೆ ತಾಸು ಹಿಂದಕ್ಕೆ ತಿರುಗಿಸಿದ್ದೀರಿ, ಅದೂ ನಿಮ್ಮ ವಿರುದ್ಧವೇ. ಬೇಕೆಂದು ಮಾಡಿದ್ದಲ್ಲ ಅದು. ಹದಿಹರೆಯದ ತಪ್ಪಿತಸ್ಥ ಭಾವನೆಯಿಂದ ಹುಟ್ಟಿದ ಹಸ್ತಪ್ರತಿಗಳನ್ನು ತಿದ್ದುವಾಗ ಇದು ಮೇಲಿಂದ ಮೇಲೆ ಕಣ್ಣಿಗೆ ಬೀಳುತ್ತದೆ. ಸಮಯ ಜರುಗುತ್ತದೆ, ದೂರ ಕಡಿಮೆಯಾಗುತ್ತದೆ, ಅಲ್ಲಿದ್ದ ಇನ್ನೊಬ್ಬರು ಮಾಯವಾಗುತ್ತಾರೆ, ಎಲ್ಲ ದಾರಿಯೂ ಬರೆಯುವವರ ಬಾಗಿಲಿಗೇ ಬಂದು ನಿಲ್ಲುತ್ತದೆ. ‘ಕಾರಣ ಇರಲಿಲ್ಲ’ ಅನ್ನುವುದಕ್ಕಿಂತ ‘ಕಾರಣ ನಾನೇ’ ಅನ್ನುವುದನ್ನು ಮನಸ್ಸು ಸುಲಭವಾಗಿ ಹೊರುತ್ತದೆ.

ಇದಕ್ಕೆ ಇನ್ನೊಂದು ಮುಖವೂ ಇದೆ. ಮನಶ್ಶಾಸ್ತ್ರಜ್ಞ ಬರೂಕ್ ಫಿಶ್‌ಹಾಫ್ 1975ರಲ್ಲಿ ತೋರಿಸಿದ ಹಾಗೆ, ಒಂದು ಘಟನೆಯ ಕೊನೆ ಗೊತ್ತಾದ ಮೇಲೆ ಅದು ಮೊದಲೇ ಊಹಿಸುವಂತಿತ್ತು ಎಂದು ನಮಗೆ ತೋರುತ್ತದೆ. ಹಾಗೆ ತೋರುತ್ತಿರುವುದು ಕೊನೆ ಗೊತ್ತಿರುವುದರಿಂದ ಅನ್ನುವುದೇ ನಮಗೆ ತಿಳಿಯುವುದಿಲ್ಲ. ನಿಮ್ಮ ಆರು ಪುಟಗಳಲ್ಲಿ ಮಾತನಾಡುತ್ತಿರುವವಳು 34ರ ಹೆಂಗಸು. ಹಳ್ಳ ತುಂಬಿದ್ದು, ಸಂಕ ಜಾರುತ್ತಿದ್ದದ್ದು, ಮೂರು ದಿನದ ಹುಡುಕಾಟ ಎಲ್ಲ ಅವಳಿಗೆ ಗೊತ್ತು. ಆ ತಿಳಿವಳಿಕೆಯನ್ನೆಲ್ಲ ಅವಳು ಹಾಜರಿಯ ಸಾಲಿನಲ್ಲಿ ನಿಂತ ಹುಡುಗಿಯ ತಲೆಗೆ ಹೊರಿಸಿ, ಆಮೇಲೆ ‘ನೀನು ಗೊತ್ತಿದ್ದೂ ಸುಳ್ಳು ಹೇಳಿದೆ’ ಎಂದು ಬೆರಳು ತೋರಿಸುತ್ತಿದ್ದಾಳೆ. ಬರವಣಿಗೆಯಲ್ಲಿ ಈ ಇಬ್ಬರನ್ನು ಬೇರೆ ಬೇರೆ ಮಾಡುವುದೇ ಈಗ ನಿಮ್ಮ ಮುಂದಿರುವ ಕೆಲಸ. ಉಳಿದದ್ದೆಲ್ಲ ಅದರ ಹಿಂದೆ ಬರುತ್ತದೆ.

ಮಾಡುವುದು ಹೀಗೆ. ಹಸ್ತಪ್ರತಿಯ ಪ್ರಿಂಟ್ ತೆಗೆದು ಕೆಂಪು ಪೆನ್ಸಿಲ್ ಹಿಡಿದು ಕೂರಿ. ‘-ಬೇಕಿತ್ತು’, ‘-ಬಹುದಿತ್ತು’, ‘-ದ್ದರೆ’, ‘ಆಗ ಗೊತ್ತಿರಲಿಲ್ಲ’, ‘ಕೊನೆಯ ಸಲ’ ಎಂದು ಬಂದಲ್ಲೆಲ್ಲ ಗೆರೆ ಹಾಕಿ. ಈ ಆರು ಪುಟದಲ್ಲೇ ನನಗೆ 23 ಸಿಕ್ಕಿವೆ. ಅವೆಲ್ಲ 34ರವಳ ಮಾತು. ನಂತರ ಒಂದು ನೋಟ್‌ಬುಕ್ಕಿನ ಹಾಳೆಗೆ ನಡುವೆ ಗೆರೆ ಎಳೆಯಿರಿ. ಎಡಗಡೆ, ಆ ರಾತ್ರಿ 8.30ಕ್ಕೆ ಹುಡುಗಿಗೆ ಏನೇನು ಗೊತ್ತಿತ್ತೋ ಅದಷ್ಟೇ: ಅಜ್ಜಿಗೆ ಹುಷಾರಿಲ್ಲ, ಬೆಳಗ್ಗೆ ಬರುತ್ತಾಳೆ, ಹೇಳಬೇಡ ಅಂದಿದ್ದಾಳೆ, ಹೇಳಿದರೆ ಇಬ್ಬರ ಮನೆಗೂ ಫೋನ್ ಹೋಗುತ್ತದೆ. ಬಲಗಡೆ, ಆಮೇಲೆ ತಿಳಿದದ್ದು. ಬಲಗಡೆಯದು ಒಂದೂ ಆ ರಾತ್ರಿಯ ದೃಶ್ಯಕ್ಕೆ ನುಸುಳಬಾರದು. ಮಳೆ ಮಾತ್ರ ಬರಬಹುದು, ಅದು ಹಾಸನದಲ್ಲೂ ಸುರಿಯುತ್ತಿತ್ತು. ಆದರೆ ಹಾಸ್ಟೆಲ್ ಕಿಟಕಿಯಿಂದ ಕಾಣುವ ಪುನರ್ವಸು ಮಳೆಗೂ ಕಾಡಿನ ಹಳ್ಳಕ್ಕೆ ಇಳಿಯುವ ಪುನರ್ವಸು ಮಳೆಗೂ ಇರುವ ವ್ಯತ್ಯಾಸ ಆ ವಯಸ್ಸಿನ ಹುಡುಗಿಗೆ ಆ ಹೊತ್ತಲ್ಲಿ ಹೊಳೆಯುವುದಿಲ್ಲ. ಅವಳ ಚಿಂತೆ ಒಗೆದು ಹಾಕಿದ ಯೂನಿಫಾರ್ಮ್ ಒಣಗಿಲ್ಲವಲ್ಲ ಅನ್ನುವುದು.

ನಿಮ್ಮ 35ನೇ ಪುಟದಲ್ಲಿ ಈ ಸಾಲುಗಳಿವೆ: ‘ಅವಳನ್ನು ನೋಡುವುದು ಅದೇ ಕೊನೆ ಎಂದು ನನಗೆ ಗೊತ್ತಿರಲಿಲ್ಲ. ನಾನು ಅವಳನ್ನು ತಡೆಯಬೇಕಿತ್ತು. ಅವಳು ಕೊಡೆಯನ್ನೂ ಮರೆತು ಹೋಗಿದ್ದಳು.’ ಮೊದಲ ಎರಡು ವಾಕ್ಯ ತೆಗೆಯಿರಿ. ಮೂರನೆಯದು ಚಿನ್ನ. ಅದನ್ನು ಒಂದೇ ಸಾಲಿನಲ್ಲಿ ಹೇಳಿ ಬಿಟ್ಟುಬಿಟ್ಟಿದ್ದೀರಿ. ಹೀಗೆ ಬರೆದು ನೋಡಿ: ‘ಕೊಡೆ ಮರೆತು ಹೋಗಿದ್ದಳು. ಓಡಿಹೋಗಿ ಕೊಡೋಣ ಅನ್ನಿಸಿತು. ಗೇಟಿನಲ್ಲಿ ವಾಚ್‌ಮನ್ ಇದ್ದ. ಮಂಚದ ಕೆಳಗೆ ತಳ್ಳಿದೆ.’ ಇಲ್ಲಿ ‘ನಾನು’ ಒಮ್ಮೆಯೂ ಬಂದಿಲ್ಲ, ಬೇಕಾಗಿಯೂ ಇಲ್ಲ. ‘ತಳ್ಳಿದೆ’ ಅಂದರೆ ಯಾರು ಎಂದು ಕನ್ನಡದ ಕ್ರಿಯಾಪದವೇ ಹೇಳಿಬಿಡುತ್ತದೆ. ಪ್ರಥಮ ಪುರುಷವೋ (‘ಅವಳು’) ಉತ್ತಮ ಪುರುಷವೋ (‘ನಾನು’) ಎಂದು ಇಂಥ ಕತೆ ಬರೆಯುವವರೆಲ್ಲ ಒದ್ದಾಡುತ್ತಾರೆ. ಉತ್ತಮ ಪುರುಷದಲ್ಲೇ ಬರೆಯಿರಿ, ಆದರೆ ‘ನಾನು’ ಪದವನ್ನು ಪುಟಕ್ಕೆ ಎರಡು ಮೂರಕ್ಕೆ ಇಳಿಸಿ. ಪ್ರತಿ ವಾಕ್ಯವೂ ‘ನಾನು’ ಎಂದು ಶುರುವಾದರೆ ಅದು ಹೇಳಿಕೆ ಬರೆಸಿಕೊಂಡ ಹಾಗೆ ಕೇಳುತ್ತದೆ. ಅದನ್ನು ಬಿಟ್ಟಾಗ ಹುಡುಗಿ ಕೆಲಸ ಮಾಡುತ್ತಿರುವುದು ಕಾಣುತ್ತದೆ. ‘ಅವಳು’ ಎಂದು ಬರೆದರೆ ನಿಮಗೆ ಉಸಿರಾಡಲು ಜಾಗ ಸಿಗುತ್ತದೆ ಎಂದಾದರೆ ಮೊದಲ ಕರಡನ್ನು ಹಾಗೆ ಬರೆದು ಆಮೇಲೆ ಬದಲಿಸಬಹುದು. ತಿದ್ದುವ ಶ್ರಮ ಹೆಚ್ಚು, ಬೇರೆ ನಷ್ಟವಿಲ್ಲ.

‘ಪಾಪಪ್ರಜ್ಞೆ’, ‘ಒಂಟಿತನ’, ‘ಆಘಾತ’ ಈ ಮೂರು ಪದಗಳನ್ನು ಇಡೀ ಹಸ್ತಪ್ರತಿಯಿಂದ ತೆಗೆಯಿರಿ. ಅವು ವಿಮರ್ಶೆಯ ಪದಗಳು, ಹತ್ತನೇ ಕ್ಲಾಸಿನ ಬಾಯಿಯವಲ್ಲ. ನಿಮ್ಮ ಪತ್ರದಲ್ಲೇ ಅದಕ್ಕಿಂತ ಒಳ್ಳೆಯದಿದೆ. ಹಸ್ತಪ್ರತಿಯಲ್ಲಿ ‘ನಾನು ಸಂಪೂರ್ಣ ಒಂಟಿಯಾದೆ’ ಎಂದಿದ್ದೀರಿ, ಪತ್ರದಲ್ಲಿ ‘ಎರಡೂ ಪಕ್ಕ ಒಂದೊಂದು ತಟ್ಟೆಯಷ್ಟು ಜಾಗ’ ಎಂದಿದ್ದೀರಿ. ಓದುಗರ ಎದೆಗೆ ಹೋಗುವುದು ಆ ಜಾಗ. ಅದನ್ನು ಬೆಳೆಸಿ. ಮುದ್ದೆ ಹಾಕುತ್ತಾ ಬರುವ ಅಡುಗೆಯಕ್ಕ ಆ ಖಾಲಿ ಜಾಗ ದಾಟುವಾಗ ಹೆಜ್ಜೆ ನಿಧಾನ ಮಾಡುತ್ತಾರೋ ಬೇಗ ಮಾಡುತ್ತಾರೋ? ಸಾಲು ತುಂಬಿ ಜಾಗ ಸಾಲದ ದಿನ ಏನಾಯಿತು? ನಿಮ್ಮ ಹತ್ತಿರ ಸಾಲ ತೆಗೆದುಕೊಂಡಿದ್ದ ಕೈವಾರವನ್ನು ಯಾರಾದರೂ ಮತ್ತೊಬ್ಬರ ಕೈಲಿ ವಾಪಸ್ ಕಳಿಸಿದರೇ? ಹದಿಹರೆಯದ ಬಹಿಷ್ಕಾರ ನಡೆಯುವುದೇ ಹೀಗೆ. ಯಾರೂ ತೀರ್ಮಾನ ಮಾಡಿರುವುದಿಲ್ಲ, ಯಾರೂ ನಾಯಕರಿರುವುದಿಲ್ಲ, ಎಲ್ಲರಿಗೂ ಹೆದರಿಕೆ ಇರುತ್ತದೆ. ಆ ಹುಡುಗಿಯರಲ್ಲೂ ಒಬ್ಬಿಬ್ಬರಿಗೆ ಅವಳು ಊರಿಗೆ ಹೋದದ್ದು ಗೊತ್ತಿದ್ದಿರಬಹುದು ಎಂದು ಯೋಚಿಸಿ ನೋಡಿ. ನಿಮ್ಮ ಪಕ್ಕದ ಖಾಲಿ ಜಾಗ ಅವರಿಗೂ ಬೇಕಾಗಿತ್ತೇನೋ.

ಈಗ ಸಮಯದ ಪ್ರಶ್ನೆಗೆ ಮರಳೋಣ. ಕಾದಂಬರಿಯಲ್ಲಿ ಹಾಜರಿ 6ಕ್ಕೋ 8.30ಕ್ಕೋ? ಕತೆ ನಿಮ್ಮದು, ಎರಡಕ್ಕೂ ಹಕ್ಕಿದೆ. 6 ಎಂದರೆ ಸುಳ್ಳೇ ಕೊಂದಿತು ಎಂದಾಗುತ್ತದೆ. ಕತೆ ಬಿಗಿಯಾಗುತ್ತದೆ, ಓದುಗ ಬೇಗ ತೀರ್ಪು ಕೊಟ್ಟು ಮುಗಿಸುತ್ತಾನೆ, ಅದರಾಚೆ ಹುಡುಗಿಯ ಬಗ್ಗೆ ಕೇಳಲು ಏನೂ ಉಳಿಯುವುದಿಲ್ಲ. 8.30 ಎಂದರೆ ಸುಳ್ಳಿನಿಂದ ಸಾವು ಆಗಲಿಲ್ಲ, ಆದರೂ ಸುಳ್ಳು ಸುಳ್ಳೇ. ಲೆಕ್ಕ ಹಾಕಿ ಕಳೆಯಲಾಗದ ಭಾರ ಅದು. ನನ್ನ ಅಭಿಪ್ರಾಯದಲ್ಲಿ ಕಾದಂಬರಿ ಇರುವುದು ಅಲ್ಲಿ.

ಆ ಭಾರ ಎಲ್ಲಿದೆ ಎಂದೂ ಹೇಳಬೇಕು. ಕೇಳಲು ಕಷ್ಟವಾದೀತು. 38ನೇ ಪುಟ ‘ಲೈಟ್ ಆರಿತು’ ಎಂದು ನಿಲ್ಲುತ್ತದೆ. ಮರುದಿನ ಬೆಳಗ್ಗೆ ಹಸ್ತಪ್ರತಿಯಲ್ಲಿ ಇಲ್ಲವೇ ಇಲ್ಲ. ಮೊದಲ ಬಸ್ಸಿಗೆ ಬರುತ್ತೇನೆ ಅಂದವಳು ಬರಲಿಲ್ಲ. ವಾರ್ಡನ್ ಮತ್ತೆ ಕೇಳಿದರು. ಮಧ್ಯಾಹ್ನದವರೆಗೂ ಹುಡುಗಿ ಸುಮ್ಮನಿದ್ದಳು. ರಾತ್ರಿಯ ಸುಳ್ಳು ಗೆಳತಿಗಾಗಿ ಆಡಿದ್ದು. ಬೆಳಗಿನ ಮೌನ ತನಗಾಗಿ, ಹೆದರಿ. ಆ ಐದಾರು ಗಂಟೆಗಳಲ್ಲಿ ಆ ಮನೆಯವರಿಗೆ ಮಗಳು ಹೊರಟದ್ದೇ ಗೊತ್ತಿರಲಿಲ್ಲ. ನೀವು 36ನೇ ಪುಟದಲ್ಲಿ ಇಲ್ಲದ ದೊಡ್ಡ ತಪ್ಪೊಂದನ್ನು ಹೊತ್ತುಕೊಂಡು, 39ನೇ ಪುಟದಲ್ಲಿ ಇರಬೇಕಾದ ಚಿಕ್ಕ, ನಿಜವಾದ ತಪ್ಪನ್ನು ನೋಡದೆ ಉಳಿದಿದ್ದೀರಿ. ಬರವಣಿಗೆ ನಿಂತಿರುವುದು ಅಲ್ಲೇ. ಚಿಕ್ಕದು ಎಂದು ಬೇಕೆಂದೇ ಹೇಳುತ್ತಿದ್ದೇನೆ: ಹೆದರಿದ ಹದಿನೈದರ ಹುಡುಗಿ ಅರ್ಧ ದಿನ ಬಾಯಿ ಮುಚ್ಚಿಕೊಂಡಳು. ಅದನ್ನು ಅಷ್ಟೇ ಅಳತೆಯಲ್ಲಿ ಬರೆಯಬೇಕು, ಹೆಚ್ಚಿಸಲೂಬಾರದು, ಕ್ಷಮಿಸಿಬಿಡಲೂಬಾರದು.

‘ಬರೆದರೆ ಹಗುರಾಗುತ್ತದೆ’ ಅನ್ನುವ ಮಾತಿಗೆ ಬರುತ್ತೇನೆ. ಅರ್ಧ ನಿಜ. 1986ರಲ್ಲಿ ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ ಎಂಬ ಅಮೆರಿಕದ ಸಂಶೋಧಕರು ಕಾಲೇಜು ವಿದ್ಯಾರ್ಥಿಗಳಿಗೆ ಸತತ 4 ದಿನ, ದಿನಕ್ಕೆ 15 ನಿಮಿಷ ತಮ್ಮ ಕಹಿ ಅನುಭವ ಬರೆಯಲು ಹೇಳಿದರು. ಘಟನೆಯನ್ನೂ ಭಾವನೆಯನ್ನೂ ಸೇರಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ವೈದ್ಯರ ಬಳಿ ಹೋದದ್ದು ಕಡಿಮೆ. ಆದರೆ ಬರೆದ ತಕ್ಷಣ ಅವರ ಮನಸ್ಸು ಮೊದಲಿಗಿಂತ ಕುಗ್ಗಿತ್ತು. ಈ ಎರಡನೇ ಭಾಗವನ್ನು ಯಾರೂ ಹೇಳುವುದಿಲ್ಲ. ಇನ್ನೂ ಮುಖ್ಯವಾದದ್ದು, ಅದು ತನಗಾಗಿ ಬರೆದು ಪಕ್ಕಕ್ಕಿಡುವ ಬರಹ, ನಾಲ್ಕು ದಿನಕ್ಕೆ ಮುಗಿಯುವುದು. ಕಾದಂಬರಿ ಅದೇ ರಾತ್ರಿಯನ್ನು ಹತ್ತು ಸಲ ತಿದ್ದಿಸುತ್ತದೆ. ಎರಡನ್ನೂ ಒಂದೇ ಎಂದುಕೊಂಡು ‘ನನಗೇಕೆ ಹಗುರಾಗುತ್ತಿಲ್ಲ’ ಎಂದು ಕೊರಗಬೇಡಿ.

ಆದ್ದರಿಂದ ಕೂರುವ ಕ್ರಮ ಬದಲಿಸಿ. ಈ ಅಧ್ಯಾಯವನ್ನು ರಾತ್ರಿ ಮುಟ್ಟಲೇಬೇಡಿ, ಬೆಳಗ್ಗೆ ಅಥವಾ ಮಧ್ಯಾಹ್ನ ಮಾತ್ರ. 25 ನಿಮಿಷಕ್ಕೆ ಅಲಾರಂ ಇಟ್ಟುಕೊಳ್ಳಿ, ಹೊಡೆದಾಗ ವಾಕ್ಯ ಅರ್ಧವಿದ್ದರೂ ಏಳಿ. ಅರ್ಧಕ್ಕೆ ಬಿಟ್ಟ ವಾಕ್ಯ ಮರುದಿನ ಕೈಹಿಡಿದು ಕರೆಯುತ್ತದೆ. ಎದ್ದ ಮೇಲೆ ಅರ್ಧ ಗಂಟೆ ಕೈಕಾಲಿಗೆ ಕೆಲಸ ಕೊಡಿ: ಕಣದಲ್ಲಿ ಕಾಫಿ ಕೆದಕುವುದು, ಪಾತ್ರೆ ತೊಳೆಯುವುದು, ಏನಾದರೂ ಸರಿ. ಬರೆದದ್ದನ್ನು ಅವತ್ತೇ ಓದಬೇಡಿ. ವಾರಕ್ಕೆ ಎರಡು ಸಲ ಸಾಕು, ಉಳಿದ ದಿನ ಬೇರೆ ಅಧ್ಯಾಯ. ಪುಟದ ಕ್ರಮದಲ್ಲೇ ಬರೆಯಬೇಕೆಂಬ ನಿಯಮವೂ ಇಲ್ಲ. ಬೆಳಗಿನ ದೃಶ್ಯ ಮೊದಲು, ಊಟದ ಸಾಲು ಆಮೇಲೆ, ಹಾಜರಿ ಎಲ್ಲಕ್ಕಿಂತ ಕೊನೆಗೆ.

ಇಷ್ಟು ಮಾಡಿದ ಮೇಲೂ ಎರಡು ವಾರ ನಿದ್ದೆ ಸರಿಹೋಗದಿದ್ದರೆ, ಆ ರಾತ್ರಿ ನೆನಪಾಗಿ ಬರದೆ ಈಗ ಕಣ್ಣೆದುರು ನಡೆಯುತ್ತಿರುವಂತೆ ಬಂದರೆ, ಮಳೆ ಶಬ್ದಕ್ಕೆ ಮೈ ನಡುಗಿದರೆ, ಬದುಕು ಬೇಡ ಎಂಬ ಯೋಚನೆ ಒಮ್ಮೆಯಾದರೂ ಸುಳಿದರೆ, ಹಸ್ತಪ್ರತಿ ಮುಚ್ಚಿಡಿ. ಅದು ಬರವಣಿಗೆಯಿಂದ ಸರಿಹೋಗುವಂಥದ್ದಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಎದುರು ಕೂತು ಮಾತಾಡಬೇಕೆಂದರೆ ಹಾಸನದ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿ. ಚಿಕಿತ್ಸೆ ತೆಗೆದುಕೊಂಡರೆ ಬರೆಯುವ ಶಕ್ತಿ ಹೋಗುತ್ತದೆ ಎಂಬ ಭಯ ಬರಹಗಾರರಲ್ಲಿ ಬಹಳ ಇದೆ. ನಿದ್ದೆ ಬಂದ ಮೇಲೆ ಹಸ್ತಪ್ರತಿ ಉತ್ತಮವಾಗುವುದನ್ನೇ ನಾನು ನೋಡಿರುವುದು.

ಇನ್ನು ಗೆಳತಿಯ ತಂದೆ ತಾಯಿ. ಹೆಸರು ಬದಲಿಸಿದರೆ ಸಾಕು ಎಂದುಕೊಳ್ಳಬೇಡಿ. ಗುರುತು ಸಿಗುವುದು ಹೆಸರಿನಿಂದಲ್ಲ, ನಾಲ್ಕೈದು ವಿವರ ಒಟ್ಟಿಗೆ ಸೇರುವುದರಿಂದ: ಹಾಸನದ ಹಾಸ್ಟೆಲ್, ಹತ್ತನೇ ತರಗತಿ, ಜುಲೈ, ಸಂಕ, ಮೂರನೇ ದಿನ. ಹಾಸನಾಂಬೆಯ ಬಾಗಿಲು ತೆರೆದ ವಾರ ಅವಳ ಅಮ್ಮ ಹಾಸ್ಟೆಲ್‌ಗೆ ಬಂದು ಟ್ರಂಕು ತೆಗೆದುಕೊಂಡು ಹೋದರು ಎಂದು 33ನೇ ಪುಟದಲ್ಲಿ ಮುಂಚಿತವಾಗಿ ಹೇಳಿದ್ದೀರಲ್ಲ, ನಿಮ್ಮ ಕಡೆಯವರು ಅದೊಂದರಿಂದಲೇ ಯಾರ ಕತೆ ಎಂದು ಗುರುತು ಹಿಡಿದುಬಿಡುತ್ತಾರೆ. ಬದಲಿಸುವುದಾದರೆ ಕಟ್ಟಡವನ್ನೇ ಬದಲಿಸಿ. ಹಾಸ್ಟೆಲ್ ಚಿಕ್ಕಮಗಳೂರಿನದಾಗಲಿ, ಊರು ಕಳಸದ ಕಡೆಯದಾಗಲಿ, ಅಜ್ಜಿಯ ಬದಲು ಅಣ್ಣನಾಗಲಿ, ಹಳ್ಳದ ಬದಲು ಬೇರೆ ಅಪಘಾತವಾಗಲಿ. ಹುಡುಗಿ ಬದುಕಿ ಉಳಿದು ಆಮೇಲೆ ಇವಳ ಜೊತೆ ಮಾತು ಬಿಟ್ಟಳು ಎಂದೂ ಆಗಬಹುದು. ಬದಲಿಸಬಾರದ್ದು ಎರಡೇ: ಕೊಟ್ಟ ಮಾತಿಗಾಗಿ ಆಡಿದ ಸಣ್ಣ ಸುಳ್ಳು, ಮತ್ತು ಬೆಳಗಿನ ಮೌನ. ಅವು ಯಾವ ಊರಿಗೆ ಹೋದರೂ ನಿಮ್ಮವೇ. ಇದರಲ್ಲಿರುವ ಅಪಾಯ, ಬದಲಿಸಿದ ಭಾಗ ತೆಳುವಾಗುವುದು. ಕಳಸದ ದಾರಿ ಗೊತ್ತಿಲ್ಲದೆ ಬರೆದರೆ ಅಲ್ಲಿಯವರು ಮೊದಲ ಪುಟದಲ್ಲೇ ಹಿಡಿಯುತ್ತಾರೆ. ಎರಡು ದಿನ ಹೋಗಿ ಆ ಬಸ್ಸಿನಲ್ಲೇ ಓಡಾಡಿ ಬನ್ನಿ. ಹಾಗೇ, ನಿಮಗೆ ನೆನಪಿಲ್ಲದ ಕಡೆ ಕಲ್ಪಿಸಿಕೊಳ್ಳಲು ಹಿಂಜರಿಯಬೇಡಿ. ನೆನಪು ಅನ್ನುವುದು ಪ್ರತಿ ಸಲವೂ ಹೊಸದಾಗಿ ಕಟ್ಟಿಕೊಳ್ಳುವಂಥದ್ದೇ, ನಿಮ್ಮ 6 ಗಂಟೆಯೇ ಅದಕ್ಕೆ ಸಾಕ್ಷಿ.

ಇದ್ದದ್ದು ಇದ್ದ ಹಾಗೇ ಬರೆಯುತ್ತೇನೆ ಅನ್ನುವುದಾದರೆ, ಪ್ರಕಟಣೆಗೆ ಮೊದಲು ಆ ಮನೆಯವರಿಗೆ ತಿಳಿಯಲೇಬೇಕು. ಹಾಜರಿಯ ಮಾತು ಅವರಿಗೆ ಗೊತ್ತಿದೆಯೋ ಇಲ್ಲವೋ ನೀವು ಬರೆದಿಲ್ಲ. ಗೊತ್ತಿಲ್ಲದಿದ್ದರೆ ಅದನ್ನು ಅವರು ಮೊದಲ ಸಲ ಅಚ್ಚಿನಲ್ಲಿ ಓದುವಂತಾಗಬಾರದು. ಆದರೆ ಅನುಮತಿ ಕೇಳುವುದೂ ಕ್ಷಮೆ ಕೇಳುವುದೂ ಬೇರೆ ಬೇರೆ ಕೆಲಸ, ಒಂದೇ ಭೇಟಿಯಲ್ಲಿ ಎರಡನ್ನೂ ಮಾಡಬೇಡಿ. ಹಸ್ತಪ್ರತಿ ಕೈಗಿಟ್ಟು ‘ಓದಿ ಹೇಳಿ’ ಅಂದರೆ, ಮಗಳನ್ನು ಕಳೆದುಕೊಂಡ ತಾಯಿಗೆ ನಿಮ್ಮನ್ನು ಸಮಾಧಾನ ಮಾಡುವ ಹೊರೆ ಬೀಳುತ್ತದೆ. ಸಂತೆಯಲ್ಲಂತೂ ಈ ಮಾತು ಎತ್ತಲೇಬೇಡಿ. ಎರಡೂ ಮನೆಗೆ ಬೇಕಾದ ಹಿರಿಯರೊಬ್ಬರು ಮೊದಲು ಹೋಗಿ, ಅವರು ಈ ವಿಷಯ ಕೇಳಲು ಸಿದ್ಧರಿದ್ದಾರೋ ಎಂದಷ್ಟೇ ವಿಚಾರಿಸಲಿ. ಬೇಡ ಅಂದರೆ ಬೇಡ. ಆಗ ಮೇಲೆ ಹೇಳಿದ ಹಾಗೆ ಕಟ್ಟಡ ಬದಲಿಸಿದ ಕಾದಂಬರಿಯೊಂದೇ ದಾರಿ. ಬರೆದು ಪ್ರಕಟಿಸದೆ ಇಡುವುದೂ ಒಂದು ಆಯ್ಕೆ, ಅದರಿಂದ ಬರೆದದ್ದು ವ್ಯರ್ಥವಾಗುವುದಿಲ್ಲ.

ಕಾನೂನಿನ ವಿಚಾರ ಚಿಕ್ಕದಾಗಿ. ಮಾನಹಾನಿ ಈಗ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಲ್ಲಿದೆ. 2 ವರ್ಷದವರೆಗೆ ಸರಳ ಸಜೆ, ದಂಡ ಅಥವಾ ಸಮುದಾಯ ಸೇವೆ. ತೀರಿಕೊಂಡವರ ಬಗ್ಗೆ ಬರೆದದ್ದೂ, ಮನೆಯವರ ಮನಸ್ಸು ನೋಯಿಸುವ ಉದ್ದೇಶವಿದ್ದರೆ, ಇದರಡಿ ಬರಬಹುದು. ನಿಜವಾದದ್ದನ್ನು ಹೇಳಿದೆ ಎಂಬುದೊಂದೇ ಕ್ರಿಮಿನಲ್ ಕೇಸಿನಲ್ಲಿ ರಕ್ಷಣೆಯಲ್ಲ, ಅದು ಸಾರ್ವಜನಿಕ ಹಿತಕ್ಕಾಗಿ ಎಂದೂ ತೋರಿಸಬೇಕು. ‘ಪಾತ್ರಗಳೆಲ್ಲ ಕಾಲ್ಪನಿಕ’ ಎಂಬ ಸಾಲು ಪುಸ್ತಕದ ಮೊದಲ ಪುಟದಲ್ಲಿದ್ದರೆ ಅಪಾಯ ತಾನಾಗಿ ಹೋಗುವುದಿಲ್ಲ. ನಿಮ್ಮ ಪುಟಗಳಲ್ಲಿ ನನಗೆ ಆತಂಕ ತಂದದ್ದು ಗೆಳತಿಯ ಮನೆಯವರ ಚಿತ್ರಣವಲ್ಲ, ವಾರ್ಡನ್. ಟಿ.ವಿ. ನೋಡುತ್ತಾ ಹಾಜರಿ ಕೂಗಿದರು ಎಂದಿದೆ. ಗುರುತು ಸಿಗುವ, ಬದುಕಿರುವ ವ್ಯಕ್ತಿಯ ಮೇಲೆ ಕರ್ತವ್ಯಲೋಪದ ಆರೋಪ ಅದು. ಅಲ್ಲದೆ ಅವರು ಎರಡು ಸಲ ಕೇಳಿದ್ದರು ಎಂದು ನೀವೇ ಬರೆದಿದ್ದೀರಿ. ಅವರನ್ನು ನ್ಯಾಯವಾಗಿ ಬರೆದರೆ ಕಾನೂನಿನ ಭಯವೂ ಕಡಿಮೆ, ಕತೆಯೂ ಗಟ್ಟಿ. ಅಚ್ಚಿಗೆ ಕೊಡುವ ಮುಂಚೆ ವಕೀಲರೊಬ್ಬರಿಗೆ ಈ ಅಧ್ಯಾಯ ತೋರಿಸಿ.

ಕಾದಂಬರಿಯ ಕೊನೆಯಲ್ಲಿ ಗೆಳತಿಯ ತಾಯಿ ಕನಸಿನಲ್ಲಿ ಬಂದು ತಲೆ ಸವರುವ ಯೋಜನೆ ಇದೆ ಎಂದು ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಬರೆದುಕೊಂಡಿದ್ದೀರಿ. ಅದನ್ನು ಬಿಡಿ. ಆ ತಾಯಿಯನ್ನು ಕೇಳದೆ ಅವರ ಕೈಯನ್ನು ನಿಮ್ಮ ತಲೆಯ ಮೇಲೆ ಇಟ್ಟುಕೊಂಡ ಹಾಗಾಗುತ್ತದೆ. ಕೊನೆ ಯಾವುದು ಎಂದು ಈಗಲೇ ನಿರ್ಧರಿಸುವ ಅಗತ್ಯವಿಲ್ಲ, 39ನೇ ಪುಟ ಬರೆಯದೆ ಅದು ಗೊತ್ತಾಗುವುದೂ ಇಲ್ಲ. ಸದ್ಯಕ್ಕೆ ಕೊಡೆಯಿಂದ ಶುರುಮಾಡಿ. ಬೆಳಗಾಗಿದೆ, ಮೊದಲ ಬಸ್ಸು ಬಂದು ಹೋಗಿದೆ, ಅದು ಇನ್ನೂ ಮಂಚದ ಕೆಳಗೇ ಇದೆ. ವಾರ್ಡನ್ ರೂಮಿಗೆ ಬಂದು ಬಗ್ಗಿ ನೋಡಿ ‘ಇದು ಯಾರದು?’ ಎಂದು ಕೇಳುತ್ತಾರೆ. 25 ನಿಮಿಷ, ಹಗಲು ಹೊತ್ತಿನಲ್ಲಿ.